ತೊಗಲು ಕೆಡಿಸುವ ಕೈಪಿಡಿ

ಸಿಲಿಕಾನ್ ಕಣಿವೆಯಲ್ಲಿ ಗರಾಜ್ ಎಂದರೆ ಕಾರು ನಿಲ್ಲಿಸುವ ಜಾಗವಲ್ಲ, ಪುಣ್ಯಕ್ಷೇತ್ರ. ಪಾಲೋ ಆಲ್ಟೊದ ಅಡಿಸನ್ ಅವೆನ್ಯೂ, 367ನೇ ನಂಬರಿನ ಗರಾಜಿನಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ 1939ರಲ್ಲಿ ಕಂಪನಿ ಕಟ್ಟಿದರು. ಇವತ್ತು ಅದರ ಮುಂದೆ ಸ್ಮಾರಕದ ಫಲಕವಿದೆ. ಫ್ರೀಮಾಂಟಿನ ನಿಮ್ಮ ಗರಾಜಿಗೂ ಒಂದು ಫಲಕ ಬರಲಿ ಎಂದು ನೀವು ಆಸೆಪಟ್ಟರೆ ತಪ್ಪೇನಿಲ್ಲ. ಕೋಡ್ ಬರೆದು ಬರೆದು ಬೇಸತ್ತಿದ್ದೀರಿ. ಕೈಯಾರೆ ಏನಾದರೂ ಮಾಡಬೇಕು ಎನ್ನಿಸಿದೆ. ಯೂಟ್ಯೂಬಿನಲ್ಲಿ ಗಡ್ಡದವನೊಬ್ಬ ಬೆಲ್ಟ್ ಹೊಲಿಯುವುದನ್ನು ರಾತ್ರಿ ಒಂದು ಗಂಟೆಯವರೆಗೆ ನೋಡಿದ್ದೀರಿ. ಇನ್ನು ತೊಗಲು ಕೊಳ್ಳುವುದೊಂದೇ ಬಾಕಿ.

ಕೊಂಡ ತೊಗಲನ್ನು ಒಂದು ಹೊಲಿಗೆಯನ್ನೂ ಹಾಕದೆ, ಎರಡೇ ವರ್ಷದಲ್ಲಿ ಪೂರ್ತಿ ಹಾಳುಮಾಡುವುದು ಹೇಗೆಂದು ಇಲ್ಲಿ ಹೇಳಿಕೊಡುತ್ತೇನೆ. ಈ ವಿದ್ಯೆಯಲ್ಲಿ ನನಗೆ ಒಂಬತ್ತು ತೊಗಲುಗಳ ಅನುಭವವಿದೆ. ಧೈರ್ಯವಾಗಿ ಹಿಂಬಾಲಿಸಿ.

ಹಂತ 1: ಅಳತೆ ಬಿಟ್ಟು ಕೊಳ್ಳಿ

ಇಲ್ಲಿ ತೊಗಲನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಬೆನ್ನಿನ ಉದ್ದಕ್ಕೂ ಸೀಳಿದ ಅರ್ಧ ದನದ ತೊಗಲಿಗೆ ‘ಸೈಡ್’ ಎಂದು ಹೆಸರು. 20ರಿಂದ 25 ಚದರ ಅಡಿ ಇರುತ್ತದೆ. ಒಂದು ಪರ್ಸಿಗೆ ಒಂದು ಚದರ ಅಡಿಯೂ ಬೇಡ. ಆದ್ದರಿಂದ ಮೂರು ಸೈಡ್ ತರಿಸಿ. ‘ಫ್ರೀ ಶಿಪ್ಪಿಂಗ್’ ಎಂದು ಕಂಡರೆ ನಾಲ್ಕು ತರಿಸಿ.

ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಒಂದು ಇಂಚಿನ 64ನೇ ಒಂದು ಪಾಲು, ಅಂದರೆ ಸುಮಾರು 0.4 ಮಿಲಿಮೀಟರ್. ಪರ್ಸಿಗೆ 2–3 ಔನ್ಸ್ ಸಾಕು, ಬೆಲ್ಟಿಗೆ 8–10 ಬೇಕು. ನೀವು ಪರ್ಸ್ ಮಾಡಲೆಂದು 10 ಔನ್ಸಿನದನ್ನೇ ತರಿಸಿ. ಆ ಪರ್ಸನ್ನು ಜೇಬಿನಲ್ಲಿಟ್ಟು ಕೂತರೆ ಒಂದು ಪಕ್ಕಕ್ಕೆ ವಾಲುತ್ತೀರಿ. ಆದರೆ ಕೆಲಸ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಹೆದರಬೇಡಿ. ಬೆನ್ನಿನ ಭಾಗ ಬಿಗಿಯಾಗಿ, ಸಮನಾಗಿ ಇರುತ್ತದೆ. ಹೊಟ್ಟೆಯ ಭಾಗ ಸಡಿಲ, ಎಳೆದರೆ ಹಿಗ್ಗುತ್ತದೆ. ಅಗ್ಗವೆಂಬ ಕಾರಣಕ್ಕೆ ಹೊಟ್ಟೆಯನ್ನೇ ಆರಿಸಿ.

ಹಂತ 2: ಮನೆಯವರನ್ನು ಒಪ್ಪಿಸಿ

ತೊಗಲನ್ನು ಹದಮಾಡಲು ಮುಖ್ಯವಾಗಿ ಎರಡು ದಾರಿ. ಒಂದು ಕ್ರೋಮಿಯಂ ಲವಣದ್ದು, ಬೇಗ ಮುಗಿಯುತ್ತದೆ. ಇನ್ನೊಂದು ಮರದ ತೊಗಟೆಯದು, ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಕಡೆ ಜಾಲಿ ಚಕ್ಕೆ, ಅಳಲೆಕಾಯಿ ಹಾಕಿ ಹದಮಾಡುತ್ತಿದ್ದುದು ಈ ಎರಡನೆಯ ಬಗೆ. ಇಂಗ್ಲಿಷಿನಲ್ಲಿ ಇದಕ್ಕೆ ‘ವೆಜಿಟೆಬಲ್ ಟ್ಯಾನ್ಡ್’ ಎನ್ನುತ್ತಾರೆ. ಈ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಊರಿನಿಂದ ಆರು ತಿಂಗಳಿಗೆಂದು ಅತ್ತೆ ಬಂದಾಗ ಉಪಯೋಗಕ್ಕೆ ಬರುತ್ತದೆ.

“ಇದೇನು ಅಳಿಯಂದ್ರೇ, ಗರಾಜಲ್ಲಿ ವಾಸನೆ?” ಎಂದು ಅವರು ಕೇಳಿದರೆ, “ವೆಜಿಟೆಬಲ್ ಅತ್ತೆ” ಎನ್ನಿ.

“ತರಕಾರಿಗೂ ಬರೆ ಹಾಕ್ತಾರಾ?” ಎಂದು ಅವರು ತೊಗಲಿನ ಮೇಲಿರುವ ಕಾದ ಕಬ್ಬಿಣದ ಮುದ್ರೆಯನ್ನು ತೋರಿಸಿದರೆ, ಫೋನ್ ಬಂದಂತೆ ನಟಿಸಿ ಹೊರಗೆ ಹೋಗಿ.

ಅವರ ಮೇಲೆ ಸಿಟ್ಟಾಗಬೇಡಿ. ಅವರ ಮನೆಯಲ್ಲಿ, ನಿಮ್ಮ ಮನೆಯಲ್ಲೂ, ಚಪ್ಪಲಿ ಹೊಸ್ತಿಲು ದಾಟುತ್ತಿರಲಿಲ್ಲ; ಚಪ್ಪಲಿ ಹೊಲಿದವನು ಅಂಗಳವನ್ನೂ ದಾಟುತ್ತಿರಲಿಲ್ಲ. ಈಗ ಅದೇ ರಂಪಿಗೆ, ಅದೇ ಉಳಿ, ಅದೇ ಮೇಣದ ದಾರ ನಿಮ್ಮ ಕೈಗೆ ಬಂದು ‘ಕ್ರಾಫ್ಟ್’ ಆಗಿದೆ. ಅಲ್ಲಿ ಮಾಡಿದರೆ ಜಾತಿ, ಇಲ್ಲಿ ಮಾಡಿದರೆ ಹವ್ಯಾಸ. ಈ ವ್ಯತ್ಯಾಸವನ್ನು ಬಾಯಿಪಾಠ ಮಾಡಿಕೊಳ್ಳಿ. ಬಸವ ಜಯಂತಿಗೆ ಮೈಕು ಸಿಕ್ಕಿದರೆ ಹರಳಯ್ಯನ ಕಥೆಯನ್ನು ಗದ್ಗದಿತರಾಗಿ ಹೇಳಿ: ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದ್ದು, ಬಸವಣ್ಣ ಅದನ್ನು ಮೆಟ್ಟಲು ಒಪ್ಪದೆ ತಲೆಯ ಮೇಲೆ ಹೊತ್ತದ್ದು. ಚಪ್ಪಾಳೆ ಮುಗಿದ ಮೇಲೆ ಮನೆಗೆ ಬಂದು, ಗರಾಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿ. ಪಕ್ಕದಲ್ಲೇ ದೇವರ ಮನೆಯಿದೆ.

ಹಂತ 3: ಮಡಚಿ

ತೊಗಲು ಬಂದ ದಿನವೇ ಅದನ್ನು ಎರಡು ಮಡಿಕೆ ಮಾಡಿ, ಮತ್ತೆ ಎರಡು ಮಾಡಿ, ಬೆಡ್‌ಶೀಟಿನಂತೆ ಚೌಕವಾಗಿಸಿ. ಮೇಲೆ 20 ಪೌಂಡಿನ ಸೋನಾ ಮಸೂರಿ ಚೀಲ ಇಡಿ. ಆರು ತಿಂಗಳಿಗೆ ಮಡಿಕೆಯ ಗೆರೆ ಹಣೆಬರಹದಷ್ಟು ಗಟ್ಟಿಯಾಗುತ್ತದೆ. ಒದ್ದೆ ಮಾಡಿದರೂ ಹೋಗುವುದಿಲ್ಲ, ಎಣ್ಣೆ ತಿಕ್ಕಿದರೂ ಹೋಗುವುದಿಲ್ಲ. ಅಕ್ಕಿಗೆಂದು ಬಂದ ಇಲಿ ದಾರಿಯಲ್ಲಿ ತೊಗಲಿನ ಅಂಚನ್ನೂ ರುಚಿ ನೋಡುವುದು ಈ ವಿಧಾನದ ಹೆಚ್ಚುವರಿ ಲಾಭ.

ಕೆಲವರು ರಟ್ಟಿನ ಕೊಳವೆಗೆ ತೊಗಲನ್ನು ಸಡಿಲವಾಗಿ, ನುಣುಪಿನ ಮುಖ ಹೊರಗೆ ಬರುವಂತೆ ಸುತ್ತಿ, ಅಡ್ಡಲಾಗಿ ಮಲಗಿಸಿ, ಮೇಲೆ ಭಾರ ಹೇರದೆ ಇಡುತ್ತಾರೆ. ಅಂಥವರ ತೊಗಲು ಐದು ವರ್ಷವಾದರೂ ಹೊಸದರಂತೆ ಇರುತ್ತದೆ. ಅವರ ಸಹವಾಸ ಮಾಡಬೇಡಿ.

ಹಂತ 4: ಉಸಿರಾಡಲು ಬಿಡಬೇಡಿ

ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿದರೆ ಧೂಳು ಕೂರುವುದಿಲ್ಲ, ಗಾಳಿಯೂ ಆಡುತ್ತದೆ. ಆದ್ದರಿಂದ ಅದನ್ನು ದೂರವಿಡಿ. ಕಪ್ಪು ಕಸದ ಚೀಲದೊಳಗೆ ತೊಗಲು ತುರುಕಿ, ಬಾಯಿ ಬಿಗಿದು, ಟೇಪ್ ಹಾಕಿ. ಒಳಗೆ ಉಳಿದ ತೇವಕ್ಕೆ ಹೋಗಲು ದಾರಿಯಿಲ್ಲದೆ ಕೆಲವೇ ವಾರಗಳಲ್ಲಿ ಬಿಳಿ, ಹಸಿರು, ಕಪ್ಪು ಬೂಷ್ಟು ಅರಳುತ್ತದೆ. ಮೂರು ಬಣ್ಣವೂ ಒಟ್ಟಿಗೆ ಬಂದರೆ ನೀವು ಸರಿಯಾಗಿ ಮಾಡಿದ್ದೀರಿ ಎಂದು ತಿಳಿಯಿರಿ.

ಚೀಲದಲ್ಲಿ ಹಾಕುವ ಮೊದಲು ಪದರದ ನಡುವೆ ಪತ್ರಿಕೆ ಹಾಕಿ. ಊರಿನಿಂದ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ಬಂದ ಕನ್ನಡ ಪತ್ರಿಕೆಯೇ ಶ್ರೇಷ್ಠ. ತೇವಕ್ಕೆ ಅಚ್ಚಿನ ಮಸಿ ತೊಗಲಿಗೆ ಇಳಿದು, ಶ್ರದ್ಧಾಂಜಲಿ ಪುಟ ಹಿಂದುಮುಂದಾಗಿ ಮೂಡುತ್ತದೆ. ನಿಮ್ಮ ಮೊದಲ ಪರ್ಸಿಗೆ ಕೆತ್ತನೆಯ ಖರ್ಚು ಉಳಿಯಿತು.

ಹಂತ 5: ಜಾಗ ಆರಿಸಿ

ಇಲ್ಲಿಯ ಕೊಲ್ಲಿ ಪ್ರದೇಶದ, ಅಂದರೆ ‘ಬೇ ಏರಿಯಾ’ದ, ಹವೆ ನಿಮಗೆ ಸಾಕಷ್ಟು ಸಹಾಯ ಮಾಡುತ್ತದೆ. ಬೇಸಿಗೆಯಲ್ಲಿ ಪಸಿಫಿಕಾದವರು ಮಂಜಿನಲ್ಲಿ ಸ್ವೆಟರ್ ಹಾಕಿಕೊಂಡಿರುವಾಗ ಲಿವರ್‌ಮೋರಿನವರು 38 ಡಿಗ್ರಿಯಲ್ಲಿ ಬೇಯುತ್ತಿರುತ್ತಾರೆ. ಸಮುದ್ರದ ಕಡೆ ಮನೆಯಿದ್ದರೆ ತೇವದಿಂದ ಕೆಡಿಸಿ. ಬೆಟ್ಟದಾಚೆ ಇದ್ದರೆ ಒಣಗಿಸಿ ಕೆಡಿಸಿ. ತೊಗಲಿಗೆ ಹಿತವಾದದ್ದು ಶೇಕಡಾ 50ರ ಆಸುಪಾಸಿನ ತೇವಾಂಶ ಮತ್ತು ದಿನದಿಂದ ದಿನಕ್ಕೆ ಹೆಚ್ಚು ಏರಿಳಿಯದ ಉಷ್ಣತೆ. ಅದು ಸಿಗುವುದು ಮಲಗುವ ಕೋಣೆಯ ಬೀರುವಿನಲ್ಲಿ. ಅಲ್ಲಿ ರೇಷ್ಮೆ ಸೀರೆಗಳಿವೆ; ಆ ಕಡೆ ತಲೆ ಹಾಕಿಯೂ ಮಲಗಬೇಡಿ.

ಗರಾಜಿನಲ್ಲಿ ಮೂರು ಉತ್ತಮ ಸ್ಥಳಗಳಿವೆ. ಮೊದಲನೆಯದು ಬರಿಯ ಕಾಂಕ್ರೀಟ್ ನೆಲ. ಮಳೆಗಾಲದಲ್ಲಿ ನೆಲ ಸದ್ದಿಲ್ಲದೆ ತೇವವನ್ನು ಮೇಲಕ್ಕೆ ಕಳಿಸುತ್ತದೆ, ತೊಗಲು ಸದ್ದಿಲ್ಲದೆ ಕುಡಿಯುತ್ತದೆ. ಎರಡನೆಯದು ನೀರು ಕಾಯಿಸುವ ಗ್ಯಾಸ್ ಹೀಟರಿನ ಪಕ್ಕ. ಅಲ್ಲಿ ತೊಗಲಿನ ಕೊಬ್ಬು ಒಣಗಿ, ಬಾಗಿಸಿದ ತಕ್ಷಣ ಹಪ್ಪಳದಂತೆ ಚಟಚಟ ಎನ್ನುತ್ತದೆ. ಮೂರನೆಯದು ಪಶ್ಚಿಮದ ಕಿಟಕಿ. ತೊಗಟೆಯಲ್ಲಿ ಹದಮಾಡಿದ ತೊಗಲು ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅರ್ಧ ಭಾಗಕ್ಕೆ ಮಾತ್ರ ಬಿಸಿಲು ಬೀಳುವಂತೆ ಇಟ್ಟರೆ ಅದೇ ತೊಗಲಿನಲ್ಲಿ ಎರಡು ಬಣ್ಣ ಬರುತ್ತದೆ. ಮೂರೂ ಜಾಗದಲ್ಲಿ ನಾಲ್ಕು ನಾಲ್ಕು ತಿಂಗಳು ಇಟ್ಟು, ವರ್ಷದ ಲೆಕ್ಕ ಸರಿದೂಗಿಸಿ.

ಕಾಡ್ಗಿಚ್ಚಿನ ಹೊಗೆ ಬಂದಾಗ ಗರಾಜಿನ ಬಾಗಿಲು ತೆರೆದಿಡಿ. 2020ರ ಸೆಪ್ಟೆಂಬರ್ 9ರಂದು ಆಕಾಶವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನಡುಹಗಲಲ್ಲಿ ದೀಪ ಹಾಕಿಕೊಂಡು ಮೀಟಿಂಗ್ ಮಾಡಿದ್ದು ನೆನಪಿರಬಹುದು. ನನ್ನ ಎರಡನೆಯ ಸೈಡಿಗೆ ಆ ದಿನ ಇನ್ನೂ ನೆನಪಿದೆ, ಮೂಸಿ ನೋಡಿದರೆ ಗೊತ್ತಾಗುತ್ತದೆ.

ಹಂತ 6: ಕಬ್ಬಿಣ ಸೇರಿಸಿ

ತೇವವಾದ ತೊಗಲಿಗೆ ತುಕ್ಕು ಹಿಡಿದ ಕ್ಲಾಂಪ್ ಹಾಕಿ, ಮೊಳೆಗೆ ನೇತುಹಾಕಿ. ಮುಟ್ಟಿದಲ್ಲೆಲ್ಲ ನೀಲಿಗಪ್ಪು ಕಲೆ ಏಳುತ್ತದೆ. ಇದೇನು ಮಾಟವಲ್ಲ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ: ತೊಗಟೆಯ ಒಗರು ಕಬ್ಬಿಣವನ್ನು ಕಂಡರೆ ಕಪ್ಪಾಗುತ್ತದೆ. ಆ ಮಸಿಯಲ್ಲಿ ಅವರು ಕಾಗದ ಬರೆದರು. ನೀವು ಕ್ಲಾಂಪಿನ ಗುರುತು ಬರೆಯಿರಿ.

ಹಂತ 7: ಕಪಾಟನ್ನು ಗೋಡೆಗೆ ಬಿಗಿಯಬೇಡಿ

ಭೂಮಿಯೊಳಗಿನ ಹೇವರ್ಡ್ ಬಿರುಕು ಬರ್ಕಲಿಯಿಂದ ಓಕ್‌ಲ್ಯಾಂಡ್, ಹೇವರ್ಡ್ ಹಾದು ನಿಮ್ಮ ಫ್ರೀಮಾಂಟಿನ ಅಡಿಯಲ್ಲೇ ಹೋಗುತ್ತದೆ. 1989ರ ಅಕ್ಟೋಬರ್ 17ರಂದು ಸಂಜೆ 5 ಗಂಟೆ 4 ನಿಮಿಷಕ್ಕೆ ಲೋಮಾ ಪ್ರಿಯೇಟಾ ಭೂಕಂಪ 6.9ರ ತೀವ್ರತೆಯಲ್ಲಿ ಈ ಸೀಮೆಯನ್ನು ಅಲ್ಲಾಡಿಸಿದ್ದು ಬೇರೊಂದು ಬಿರುಕಿನ ಕಡೆಯಿಂದ. ಹೇವರ್ಡ್ ಬಿರುಕಿನ ಸರದಿ ಇನ್ನೂ ಇದೆ. ಕ್ಯಾಲಿಫೋರ್ನಿಯಾದ ಕಾನೂನು ನೀರಿನ ಹೀಟರನ್ನು ಪಟ್ಟಿ ಹಾಕಿ ಗೋಡೆಗೆ ಬಿಗಿಯಬೇಕು ಎನ್ನುತ್ತದೆ. ನಿಮ್ಮ ತೊಗಲಿನ ಕಪಾಟಿನ ಬಗ್ಗೆ ಏನೂ ಹೇಳುವುದಿಲ್ಲ. ಈ ಸ್ವಾತಂತ್ರ್ಯವನ್ನು ಬಳಸಿಕೊಳ್ಳಿ. ಎತ್ತರದ, ಕಿರಿದಾದ ಕಪಾಟು ತಂದು, ಮೇಲಿನ ಅರೆಯಲ್ಲಿ ತೊಗಲು, ಅದರ ಪಕ್ಕ ಮುಚ್ಚಳ ಸಡಿಲವಾದ ಬಣ್ಣದ ಬಾಟಲಿ ಇಡಿ. ಮಿಕ್ಕದ್ದನ್ನು ಭೂಮಿತಾಯಿಗೆ ಬಿಡಿ.

ಹಂತ 8: ಇತಿಹಾಸ ಹೇಳಿ

ಅತಿಥಿಗಳು ಬಂದು “ಏನ್ರೀ ಇದು, ಏನಾದ್ರೂ ಮಾಡಿದ್ರಾ?” ಎಂದು ಕೇಳಿದರೆ, ಮಾಡಿದ್ದನ್ನು ತೋರಿಸಲು ಹೋಗಬೇಡಿ, ಇಲ್ಲವಲ್ಲ. ಇತಿಹಾಸಕ್ಕೆ ಜಾರಿಕೊಳ್ಳಿ. ಚಿನ್ನ ಸಿಗುವ ಮೊದಲು ಈ ಸೀಮೆಯ ದುಡ್ಡೇ ತೊಗಲು. ಅದಕ್ಕೆ ‘ಕ್ಯಾಲಿಫೋರ್ನಿಯಾದ ನೋಟು’ ಎಂದೇ ಹೆಸರಿತ್ತು ಎನ್ನಿ. ಫ್ರೀಮಾಂಟಿನಲ್ಲೇ ಇರುವ, 1797ರಲ್ಲಿ ಸ್ಥಾಪನೆಯಾದ ಸ್ಯಾನ್ ಹೋಸೆ ಕ್ರೈಸ್ತ ಮಿಷನ್ನಿಗೆ ದೊಡ್ಡ ದನದ ಮಂದೆಗಳಿದ್ದವು. ಕೊಲ್ಲಿಗೆ ಬಂದ ಬಾಸ್ಟನ್ನಿನ ಹಡಗುಗಳು ತೊಗಲು ತುಂಬಿಕೊಂಡು ಹೋಗುತ್ತಿದ್ದವು. ಅಂಥ ಹಡಗಿನಲ್ಲಿ ದುಡಿದ ರಿಚರ್ಡ್ ಹೆನ್ರಿ ಡಾನಾ 1840ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಇಲ್ಲಿಯ ಜನ ತಮ್ಮ ದನದ ತೊಗಲನ್ನೇ ದಕ್ಷಿಣ ಅಮೆರಿಕದ ತುದಿಯನ್ನು ಎರಡು ಸಲ ಸುತ್ತಿಸಿ, ಬೂಟಿನ ರೂಪದಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದುದನ್ನು ಅವನು ಗಮನಿಸಿದ್ದ.

ಅತಿಥಿಗಳು ತಲೆದೂಗುವಾಗ ಮಾತನ್ನು ಊರಿಗೆ ತಿರುಗಿಸಿ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತು 2019ರಲ್ಲಿ ಬಂದಾಗ ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿದವು, ನಮ್ಮ ಅಥಣಿಯದೇ ಜೋಡು ಅದು ಎಂದು ಎದೆಯುಬ್ಬಿಸಿ. 2025ರಲ್ಲಿ ಮಿಲಾನಿನ ಫ್ಯಾಷನ್ ವೇದಿಕೆಯಲ್ಲಿ ಪ್ರಾಡಾ ಅದೇ ಮಾದರಿಯನ್ನು ಹೆಸರು ಹೇಳದೆ ತೋರಿಸಿತಲ್ಲ, ಎಂಥ ಅನ್ಯಾಯ ಎಂದು ಮೇಜು ಗುದ್ದಿ. ಅಥಣಿಯಲ್ಲಿ ಅದನ್ನು ಹೊಲಿಯುವವರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತೇ ಎಂದು ಯಾರಾದರೂ ಕೇಳುವ ಮೊದಲು ಕಾಫಿ ತನ್ನಿ.

ಹಂತ 9: ಕೊನೆಗೆ ಎಣ್ಣೆ ಸುರಿಯಿರಿ

ಒಣಗಿ ಬಿರಿದ ತೊಗಲನ್ನು ಕಂಡು ಮರುಕ ಹುಟ್ಟಿದರೆ, ಅದನ್ನೂ ಸರಿಯಾದ ದಾರಿಯಲ್ಲಿ ತೀರಿಸಿಕೊಳ್ಳಿ. ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಸವರುವುದು ಜಿಪುಣರ ಕೆಲಸ. ಅಡುಗೆಮನೆಯ ಕೊಬ್ಬರಿ ಎಣ್ಣೆಯ ಡಬ್ಬಿಯನ್ನೇ ಬಗ್ಗಿಸಿ. ತೊಗಲು ಹಳೆಯ ಒರೆಸುಬಟ್ಟೆಯಂತೆ ಜೋಲುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಡಿಸೆಂಬರಿನ ಗರಾಜಿನಲ್ಲಿ ಅದು ಬಿಳಿಯ ಪದರವಾಗಿ ನಿಲ್ಲುತ್ತದೆ. ಯಾವುದು ಎಣ್ಣೆ, ಯಾವುದು ಬೂಷ್ಟು ಎಂದು ಬೇರ್ಪಡಿಸಲು ಪ್ರಯತ್ನಿಸಬೇಡಿ.

ಹಂತ 10: ಗರಾಜ್ ಸೇಲ್

ಎರಡು ವರ್ಷ ತುಂಬಿದ ಮೇಲೆ ಒಂದು ಶನಿವಾರ ಎಲ್ಲವನ್ನೂ ಡ್ರೈವ್‌ವೇಗೆ ಎಳೆದು ತನ್ನಿ. ಹಳೆಯ ಪಿಕಪ್ಪಿನಲ್ಲಿ ಒಬ್ಬ ಮುದುಕ ಬರುತ್ತಾನೆ. ತೊಗಲನ್ನು ಬಿಚ್ಚಿ, ಬೆರಳಿನಿಂದ ಬಾಗಿಸಿ, ಮೂಸಿ, ಕಲೆ ಇಲ್ಲದ ತುಂಡುಗಳನ್ನು ಕಣ್ಣಲ್ಲೇ ಅಳೆದು, ಇಪ್ಪತ್ತು ಡಾಲರ್ ಕೊಡುತ್ತೇನೆ ಎನ್ನುತ್ತಾನೆ. ಕೊಟ್ಟುಬಿಡಿ. ಏನು ಮಾಡುತ್ತೀ ಎಂದು ಕೇಳಬೇಡಿ. ಮುಂದಿನ ಶನಿವಾರದೊಳಗೆ ಅವನು ಮಾಡಿ ಮುಗಿಸಿರುತ್ತಾನೆ, ನಿಮಗೆ ನಿದ್ದೆ ಬರುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಮನೆಯ ಮುಂಬಾಗಿಲ ಹೊರಗೆ ನಿಮ್ಮ ಅಥಣಿ ಚಪ್ಪಲಿ ಬಿದ್ದಿದೆ. ಮದುವೆಗೆ ಕೊಂಡದ್ದು, ಹನ್ನೆರಡು ವರ್ಷವಾಯಿತು. ಬಿಸಿಲು, ಮಂಜು, ಹೊಗೆ ಎಲ್ಲ ಕಂಡಿದೆ. ಅದನ್ನು ಯಾರೂ ಸುತ್ತಿಡಲಿಲ್ಲ, ಯಾರೂ ತೇವಾಂಶ ಅಳೆಯಲಿಲ್ಲ. ದಿನವೂ ಕಾಲಿಗೆ ಹಾಕಿದ್ದರಿಂದ ಮೆತ್ತಗೆ, ಗಟ್ಟಿಯಾಗಿ ಉಳಿದಿದೆ. ಹೊಲಿದವರಿಗೆ ತೊಗಲನ್ನು ಕೂಡಿಡುವಷ್ಟು ದುಡ್ಡೂ ಇರಲಿಲ್ಲ, ಜಾಗವೂ ಇರಲಿಲ್ಲ. ಬಂದದ್ದನ್ನು ಬಂದ ಹಾಗೆ ಹೊಲಿದರು. ಅದನ್ನು ಕೈಯಲ್ಲಿ ಹಿಡಿದು ಹೊಲಿಗೆ ನೋಡಲು ಮಾತ್ರ ಹೋಗಬೇಡಿ. ನೋಡಿದರೆ ಈ ಕೈಪಿಡಿ ಕೆಲಸಕ್ಕೆ ಬಾರದು.