ಸುಮ್ನೆ ಒಂದು ಡೆಕ್ಕೋ

ತುಮಕೂರು ರಸ್ತೆಯಲ್ಲಿ ಅರಿಶಿನಕುಂಟೆ ಬರುತ್ತಿದ್ದಂತೆ ಭಾನುವಾರದ ಕಾರುಗಳು ತಾವಾಗಿ ನಿಧಾನವಾಗುತ್ತವೆ. ಬಡಾವಣೆಯ ಕಮಾನು, ಕಮಾನಿಗೆ ಕಟ್ಟಿದ ಬಲೂನು, ಬಲೂನಿನ ಕೆಳಗೆ ಟೈ ಕಟ್ಟಿಕೊಂಡು ಬೆವರುತ್ತಿರುವ ಹುಡುಗ. ‘ತಗೊಳ್ಳೋದು ಬೇಡ ಸಾರ್, ಸುಮ್ನೆ ಒಂದ್ಸಲ ನೋಡ್ಕೊಂಡ್ ಹೋಗಿ.’ ಪಿಕಪ್ ಫ್ರೀ, ಊಟ ಫ್ರೀ. ಕೆಮ್ಮಣ್ಣಿನಲ್ಲಿ ನೆಟ್ಟ ಬಿಳಿ ಕಲ್ಲುಗಳ ನಡುವೆ ಗಂಡ ಹೆಂಡತಿ ನಿಂತು ದೇವರಮನೆ ಈ ಕಡೆ, ಬಚ್ಚಲು ಆ ಕಡೆ ಎಂದು ಗಾಳಿಯಲ್ಲೇ ಗೋಡೆ ಎಬ್ಬಿಸುತ್ತಾರೆ. ವಾಸ್ತು ವಿಚಾರದಲ್ಲಿ ಸಣ್ಣ ಜಗಳವನ್ನೂ ಆಡಿ ಮುಗಿಸುತ್ತಾರೆ. ಆಮೇಲೆ ಪಲಾವ್ ತಿಂದು, ‘ಊರಲ್ಲಿ ಅಪ್ಪನ್ನ ಕೇಳಿ ಹೇಳ್ತೀವಿ’ ಅಂತ ಹೊರಟುಬಿಡುತ್ತಾರೆ.

ಈ ಬಗೆಯ ನೋಟಕ್ಕೆ ಇಂಗ್ಲಿಷರ ಆಡುಮಾತಿನಲ್ಲಿ ‘ಡೆಕ್ಕೋ’ ಎಂಬ ಹೆಸರಿದೆ. ‘ಹ್ಯಾವ್ ಎ ಡೆಕ್ಕೋ’ ಅಂದರೆ ಸುಮ್ಮನೆ ಕಣ್ಣು ಹಾಯಿಸು. ಲಂಡನ್ನಿನ ಮಾಲೆಂದು ಮರ್ಯಾದೆ ಕೊಡಬೇಕಾಗಿಲ್ಲ. ನಮ್ಮ ದಂಡುಗಳಲ್ಲಿ ಕಿವಿಗೆ ಬಿದ್ದ ‘ದೇಖೋ’ವನ್ನೇ ಬಿಳಿ ಸಿಪಾಯಿಗಳು ಗಂಟು ಕಟ್ಟಿಕೊಂಡು ಹಡಗು ಹತ್ತಿದರು. ಯೂಲ್ ಮತ್ತು ಬರ್ನೆಲ್ ಕೂಡಿಸಿದ, 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಇದು ಇನ್ನೂ ‘ಡೆಕ್’ ಆಗಿತ್ತು. (ಈ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆ ತಲೆ ಕೆಡಿಸಿಕೊಂಡವನು.) ನಿಘಂಟು ಕೊಡುವ ಒಂದು ಉದಾಹರಣೆ 1850ರ ದಶಕದ ಕಾದಂಬರಿಯದು: ಬೆಳಗಿನ ಕುದುರೆ ಸವಾರಿ ಮುಗಿಸಿ ಮರಳುವ ಅಧಿಕಾರಿಯೊಬ್ಬ ದಾರಿಯಲ್ಲಿ ನಿಂತು ಹೊಗೆಹಡಗಿಗೆ ಒಂದು ‘ಡೆಕ್’ ಹಾಕುತ್ತಾನೆ. ಹತ್ತುವ ಮಾತಿಲ್ಲ, ಟಿಕೆಟ್ಟಿನ ಗೊಡವೆಯಿಲ್ಲ. ಸೈಟ್ ವಿಸಿಟ್ಟಿನ ಮೂಲಪುರುಷ ಇವನೇ.

1809ರಿಂದ ಬೆಂಗಳೂರಲ್ಲೂ ದಂಡು ಬೀಡುಬಿಟ್ಟಿತ್ತು. ಆದರೂ ನಮ್ಮ ‘ನೋಡು’ವಿಗೆ ಹಡಗಿನಲ್ಲಿ ಜಾಗ ಸಿಗಲಿಲ್ಲ, ಸೈನ್ಯದ ವ್ಯವಹಾರ ಹೆಚ್ಚಾಗಿ ಹಿಂದೂಸ್ತಾನಿಯಲ್ಲಿ ನಡೆಯುತ್ತಿತ್ತು. ಇದೇ ದಂಡಿಗೆ 1896ರಲ್ಲಿ ಬಂದ ವಿನ್‌ಸ್ಟನ್ ಚರ್ಚಿಲ್ ಎಂಬ ಲೆಫ್ಟಿನೆಂಟ್ ಊರು ನೋಡಿ ಹೋದ ಮೇಲೆ, ದಂಡಿನ ಕ್ಲಬ್ಬಿನವರು 1899ರಲ್ಲಿ ಅವನ ಹೆಸರಿನ 13 ರೂಪಾಯಿಯನ್ನು ವಸೂಲಾಗದ ಬಾಕಿ ಎಂದು ಬರೆದುಕೊಂಡರು. ಪಲಾವ್ ತಿಂದು ಹೋಗುವವರನ್ನು ಬೈಯುವ ಏಜೆಂಟರು ಇದನ್ನು ನೆನಪಿಟ್ಟುಕೊಂಡರೆ ಸಮಾಧಾನವಾದೀತು.

ಡೆಕ್ಕೋವನ್ನು ಆಡಳಿತ ಪದ್ಧತಿಯ ಮಟ್ಟಕ್ಕೆ ಏರಿಸಿದ ಕೀರ್ತಿ ಮಾತ್ರ ನಮ್ಮ ಸರ್ಕಾರಿ ಇಲಾಖೆಗಳಿಗೇ ಸಲ್ಲಬೇಕು. ಅಲ್ಲಿ ಅದರ ಹೆಸರು ‘ಖುದ್ದು ಸ್ಥಳ ಪರಿಶೀಲನೆ’. ಇದೇ ತುಮಕೂರು ರಸ್ತೆಯ ನಮ್ಮ ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. 2010ರಲ್ಲಿ ತೆರೆದದ್ದು. 2021ರ ಡಿಸೆಂಬರ್ 25ರಂದು, ಕಂಬಗಳ ನಡುವಿನ ಕೇಬಲ್ ತುಕ್ಕು ಹಿಡಿದಿದೆ ಎಂದು ಮುಚ್ಚಿದರು. ಅಧಿಕಾರಿಗಳು ನೋಡಿದರು, ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ನೋಡಿದರು, ಕೆಳಗೆ ಲಾರಿಗಳ ಸಂದಿಯಲ್ಲಿ ಸಿಕ್ಕಿಕೊಂಡ ನಾವು ಕತ್ತೆತ್ತಿ ನೋಡಿದೆವು. 2022ರ ಫೆಬ್ರುವರಿಯಲ್ಲಿ ಕಾರು, ಸ್ಕೂಟರುಗಳಿಗೆ ಬಿಟ್ಟರು. ಭಾರಿ ವಾಹನಗಳಿಗೆ ಅನುಮತಿ ಸಿಕ್ಕಿದ್ದು 2024ರ ಜುಲೈ 29ಕ್ಕೆ. ಅದೂ ಪ್ರತಿ ಶುಕ್ರವಾರ ರಜೆ ಎಂಬ ಷರತ್ತಿನ ಮೇಲೆ. ತಜ್ಞರ ಮೇಲೆ ನನ್ನ ತಕರಾರಿಲ್ಲ, ಅವರು ನೋಡಿದ್ದಕ್ಕೇ ರೋಗದ ಆಳ ಗೊತ್ತಾಯಿತು. ಹನ್ನೊಂದು ವರ್ಷ ಆ ಕೇಬಲ್ಲಿಗೆ ತುಕ್ಕು ಹತ್ತುತ್ತಿದ್ದಾಗ ಯಾರ್ಯಾರ ಡೆಕ್ಕೋ ಎಲ್ಲೆಲ್ಲಿತ್ತು ಎಂಬುದಷ್ಟೇ ಪ್ರಶ್ನೆ.

ಈ ರಸ್ತೆಯಲ್ಲಿ ಡೆಕ್ಕೋ ಹಾಕಲು ಬಾರದ್ದು ಒಂದೇ ಕಣ್ಣು: ಟೋಲ್‌ಗೇಟಿನ ಫಾಸ್ಟ್ಯಾಗ್ ಯಂತ್ರದ್ದು. ನೋಡಿತೆಂದರೆ ದುಡ್ಡು ಕಿತ್ತಿತೆಂದೇ ಅರ್ಥ.

ಮೆಟ್ರೋ ಕಂಬಗಳನ್ನೂ ನಾವು ವರ್ಷಗಟ್ಟಲೆ ನೋಡಿದೆವು. ನಾಗಸಂದ್ರದಿಂದ ಮಾದಾವರಕ್ಕೆ ನಾಲ್ಕು ಕಿಲೋಮೀಟರೂ ಇಲ್ಲದ ದಾರಿ. ಕೆಲಸ ಶುರುವಾದದ್ದು 2017ರಲ್ಲಿ, ಜನ ಹತ್ತಿದ್ದು 2024ರ ನವೆಂಬರ್ 7ಕ್ಕೆ. ಅರಿಶಿನಕುಂಟೆಯ ಸೈಟಿನ ಹುಡುಗರು ಮಾತ್ರ ಕಂಬ ಏಳುವ ಮೊದಲೇ ‘ಮೆಟ್ರೋ ಪಕ್ಕದಲ್ಲೇ ಸಾರ್’ ಅನ್ನುತ್ತಿದ್ದರು. ಅವರ ದೂರದೃಷ್ಟಿಗೆ ಮಿತಿಯಿಲ್ಲ. ಊರಿನ ಹೆಸರಲ್ಲೇ ಕುಂಟೆ ಇದೆಯಲ್ಲ, ಹಾಗಾಗಿ ಬಣ್ಣದ ಕರಪತ್ರದ ತುಂಬ ‘ಲೇಕ್ ವ್ಯೂ’. ವ್ಯೂ ಎಲ್ಲಿದೆ ಎಂದು ಕೇಳಿದರೆ ಕರಪತ್ರದ ಚಿತ್ರವನ್ನೇ ತೋರಿಸುತ್ತಾರೆ; ಅದರಲ್ಲಿ ಬಾತುಕೋಳಿಗಳೂ ಇರುತ್ತವೆ.

ಮುಂದಿನ ಭಾನುವಾರ ಹೋಗುವವರಿದ್ದರೆ ಕಮಾನು, ಬಲೂನು, ಬಾತುಕೋಳಿಗಳಿಗೆ ಒಂದು ಡೆಕ್ಕೋ ಸಾಕು. ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ, ಇ-ಖಾತೆ, ಋಣಭಾರ ಪತ್ರ ಇಷ್ಟನ್ನೂ ಈಚೆ ತೆಗೆಸಿ, ಕನ್ನಡಕ ಹಾಕಿಕೊಂಡು ಓದಿ. ‘ಪೇಪರ್ಸ್ ಆಫೀಸಲ್ಲಿದೆ ಸಾರ್, ಆಮೇಲೆ ನೋಡಬಹುದು’ ಅಂದರೆ ಪಲಾವಿಗೂ ಕೂರದೆ ಎದ್ದು ಬನ್ನಿ.