ಹಳೇಬಾಕಿ ಮೀಮಾಂಸೆ: ನೀರಮಾನ್ವಿ ಸೀಮೆಯಲ್ಲಿ ಆಡಿಟರ್ ಬದಲಾವಣೆ

ನೀರಮಾನ್ವಿಯಿಂದ ರಾಯಚೂರು ಗಂಜಿನ ತನಕ ವ್ಯಾಪಾರಸ್ಥರು ಆಡಿಟರನ್ನು ಬದಲಿಸುವಾಗ ಏಳುವ ಜಗಳ ಹಣದ್ದಲ್ಲ, ಮುಹೂರ್ತದ್ದು. ಮೊದಲ ದಿನ ಕೇಳಬೇಕಾದ ದರವನ್ನು ಕೊನೆಯ ದಿನ ಕೇಳುತ್ತಾರೆ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ಲಿಖಿತ ಕರಾರು ದುರ್ಲಭವಾದ್ದರಿಂದ ಮೌಖಿಕ ಪರಂಪರೆಯನ್ನೇ ಪ್ರಮಾಣವಾಗಿ ಹಿಡಿಯಬೇಕಾಗಿದೆ. ಆ ಪರಂಪರೆಯ ಏಕೈಕ ಸೂತ್ರ: "ನಿಮಗೇನ್ ಕೇಳೂದ್ರಿ ಸಾವ್ಕಾರ್ರೆ, ನೋಡ್ಕೊಂಡ್ ಕೊಡ್ರಿ." ಏನನ್ನು ನೋಡಿಕೊಂಡು ಎಂಬಲ್ಲಿ ಭಾಷ್ಯಕಾರರು ಇಬ್ಬಗೆಯಾಗಿದ್ದಾರೆ. ಮಾಡಿದ ಕೆಲಸವನ್ನು ಎಂಬುದು ಆಡಿಟರ ಮತ. ಗಲ್ಲಾಪೆಟ್ಟಿಗೆಯನ್ನು ಎಂಬುದು ಸಾವ್ಕಾರರ ಮತ. 1872ರ ಭಾರತೀಯ ಕರಾರು ಕಾಯ್ದೆ ಇಬ್ಬರನ್ನೂ ಕೈಬಿಡುತ್ತದೆ: ಅರ್ಥ ಗೊತ್ತಾಗದ, ಗೊತ್ತುಮಾಡಲೂ ಬಾರದ ಒಪ್ಪಂದ ಅನೂರ್ಜಿತ ಎನ್ನುತ್ತದೆ ಕಲಂ 29. ಹಾಗಂತ ಸಾವ್ಕಾರರು ಹಿಗ್ಗಬೇಕಿಲ್ಲ. ಪುಕ್ಕಟೆ ಎಂದು ಮಾಡದ ಕೆಲಸದ ಫಲ ಉಂಡವರು ಪ್ರತಿಫಲ ತೆರಬೇಕೆಂದು ಕಲಂ 70 ಕಾದು ಕೂತಿದೆ.

ಪಾವತಿಯ ಕಾಲನಿರ್ಣಯಕ್ಕೆ ಪಂಚಾಂಗ ಸಾಲದು, ತುಂಗಭದ್ರಾ ಎಡದಂಡೆ ನಾಲೆಯ ಗೇಜು ಬೇಕು. ನಾಲೆಗೆ ನೀರು ಬಂದರೆ ಭತ್ತ, ಭತ್ತ ಬಂದರೆ ಗೊಬ್ಬರದಂಗಡಿಯ ಉದ್ರಿ ವಸೂಲಿ, ಉದ್ರಿ ಬಂದರೆ ಫೀಸು. ಆಡಿಟರು ಯಾವಾಗಲೂ ಟೇಲೆಂಡಿನಲ್ಲೇ. "ಸುಗ್ಗಿ ಆಗ್ಲಿ ತಡ್ರಿ" ಎಂದಾಗ ಅವರು ತಲೆಯಾಡಿಸುತ್ತಾರೆ. ಆ ತಲೆಯಾಟದ ಕಾನೂನು ಪರಿಣಾಮವನ್ನು ವಿದ್ವಾಂಸರು ಗಮನಿಸಿದಂತಿಲ್ಲ. ಕಲಂ 170ರ ದೃಷ್ಟಾಂತಗಳ ಪ್ರಕಾರ ವಜ್ರಕ್ಕೆ ಸಾಣೆ ಹಿಡಿದವನು ಕೂಲಿ ಸಿಗುವ ತನಕ ವಜ್ರ ಇಟ್ಟುಕೊಳ್ಳಬಹುದು. ಆದರೆ ಮೂರು ತಿಂಗಳ ಉದ್ರಿಗೆ ಒಪ್ಪಿದ ದರ್ಜಿ ಕೋಟು ಇಟ್ಟುಕೊಳ್ಳುವಂತಿಲ್ಲ. ಸುಗ್ಗಿಗೆ ಒಪ್ಪಿದ ಆಡಿಟರು ನಿಸ್ಸಂಶಯವಾಗಿ ದರ್ಜಿವರ್ಗಕ್ಕೆ ಸೇರುತ್ತಾರೆ. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಬಿಲ್ಲಿನ ಗಂಟನ್ನು ಅವರು ಬಿಡಲೇಬೇಕು. ಇದ್ದಬದ್ದ ಬಾಕಿಗೆಲ್ಲ ಸೇರಿಸಿ ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಕಲಂ 171 ಬ್ಯಾಂಕಿನವರಿಗೂ ಬಂದರುಕಟ್ಟೆಯವರಿಗೂ ಕೊಟ್ಟಿದೆ, ಸಮುದ್ರ ಕಾಣದ ನೀರಮಾನ್ವಿಯ ಲೆಕ್ಕಿಗರಿಗೆ ಕೊಟ್ಟಿಲ್ಲ.

ಇಲ್ಲಿ ಪೂರ್ವಪಕ್ಷ: ಗಂಟಿನ ಕಾಲ ಮುಗಿಯಿತು, 2017ರ ಜುಲೈ 1ರಿಂದ ಜಿಎಸ್‌ಟಿ ಬಂತು, ಈಗ ಹಿಡಿದಿಡುವುದು ಓಟಿಪಿಯನ್ನಲ್ಲವೇ? ನಿಜ. ಅಂಗಡಿ ನೀರಮಾನ್ವಿಯಲ್ಲಿದ್ದರೂ ಅದರ ಕೀಲಿ ಆಡಿಟರ್ ಆಫೀಸಿನ ಹುಡುಗನ ಮೊಬೈಲಿನಲ್ಲಿರುತ್ತದೆ. ತಿಂಗಳ 3ಬಿ ರಿಟರ್ನಿಗೆ 20ನೇ ತಾರೀಖು ಗಡುವು. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ. ಹುಡುಗ ಫೋನ್ ಎತ್ತುವುದಿಲ್ಲ. ಸಮಾಧಾನ: ಆ ಆರಂಕಿಗೆ ಸಾಣೆ ಹಿಡಿದವರು ಯಾರೂ ಇಲ್ಲ, ಆದ್ದರಿಂದ ವಜ್ರದ ನ್ಯಾಯ ಅದಕ್ಕೆ ಸಲ್ಲದು. ದಾಖಲೆ ಹಿಡಿದು ತೆರಿಗೆ ಕಚೇರಿಗೆ ಹೋದರೆ ನಂಬರು ಬದಲಾಗುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಹೊಸ ಆಡಿಟರು ಹಳಬರಿಗೆ ಮೊದಲು ಪತ್ರ ಬರೆಯಬೇಕು; ವಿವಾದವಿಲ್ಲದ ಆಡಿಟ್ ಫೀಸು ಬಾಕಿಯಿದ್ದರೆ ಕಾನೂನುಬದ್ಧ ಆಡಿಟ್ ಒಪ್ಪಬಾರದೆಂದು ಅವರ ಸಂಸ್ಥೆಯ ನಿಯಮವೂ ಇದೆ. ಹಳಬರಿಗೆ ಇಷ್ಟು ರಕ್ಷೆ ಸಾಲದೇ? ಸಾಲದು. ಸಾವ್ಕಾರರೂ ಆಡಿಟರೂ ಸಹಿ ಹಾಕಿದ ಜಮಾಖರ್ಚಿನಲ್ಲಿ ನಮೂದಾದ ಫೀಸನ್ನೇ ಆ ನಿಯಮ ವಿವಾದರಹಿತ ಎಂದು ಎಣಿಸುತ್ತದೆ. ಅಂಗಡಿಯ ಚಹಾ, ಬೀಡಿ, ಹಮಾಲಿಯನ್ನೆಲ್ಲ ಕಿರ್ದಿಗೇರಿಸಿದವರು ಸ್ವಂತ ಫೀಸನ್ನು ನಾಚಿಕೆಯಿಂದ ಬಿಟ್ಟರೆ, ಆ ರಕ್ಷೆಯ ದಾರವನ್ನು ಅವರೇ ಹರಿದುಕೊಂಡಂತೆ.

ಕೊನೆಯ ಆಕ್ಷೇಪ ಭಾವುಕರದ್ದು: ಅಂಕಿ ಬರೆದರೆ ವಿಶ್ವಾಸ ಕೆಡುತ್ತದೆ. ಇದಕ್ಕೆ ಮಾನ್ವಿಯ ಜಗನ್ನಾಥದಾಸರ ಐತಿಹ್ಯವೇ ಉತ್ತರ. ಉದರಶೂಲೆಯಿಂದ ಬಳಲಿದ ಅವರನ್ನು ವಿಜಯದಾಸರು ಗೋಪಾಲದಾಸರ ಬಳಿಗೆ ತಾವೇ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದರು. ಅಷ್ಟು ದೊಡ್ಡ ದಾನದಲ್ಲೂ ನಲವತ್ತು ಎಂಬ ಅಂಕಿ ಖಚಿತವಾಗಿತ್ತು. ಹಸ್ತಾಂತರವೂ ತಕರಾರಿಲ್ಲದೆ ನಡೆಯಿತು. ಆಯುಷ್ಯಕ್ಕೆ ಸಂದದ್ದು ರಿಟರ್ನಿಗೆ ಸಲ್ಲಬಾರದೇಕೆ? ಆದ್ದರಿಂದ ಸಿದ್ಧಾಂತ: ಯಾವ ಕೆಲಸ, ಎಷ್ಟು ಫೀಸು, ಬಿಟ್ಟುಹೋದ ಎಷ್ಟು ದಿನದೊಳಗೆ ಗಂಟು ಮತ್ತು ಪಾಸ್‌ವರ್ಡು ವಾಪಸು ಎಂಬುದನ್ನು ಮೊದಲ ದಿನವೇ ಬರೆಯತಕ್ಕದ್ದು. ಸುಗ್ಗಿಯ ತನಕ ಎಂದರೆ ಮುಂಗಾರಿನದೋ ಬೇಸಿಗೆಯದೋ ಎಂದು ನಮೂದಿಸತಕ್ಕದ್ದು. ನಾಲೆಗೆ ನೀರು ಬಾರದ ವರ್ಷಕ್ಕೆ ಪ್ರತ್ಯೇಕ ಪರಿಶಿಷ್ಟ ಲಗತ್ತಿಸತಕ್ಕದ್ದು.