ಭಾವಮೈದನ ಎರಡನೇ ಓಎಸ್

ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪ್ ಕಂಡರೆ ಕೈ ತುರಿಸುವ ಒಬ್ಬ ಮಹಾನುಭಾವ ಪ್ರತಿ ಬಂಧುಬಳಗದಲ್ಲೂ ಇರುತ್ತಾನೆ. ನಮ್ಮಲ್ಲಿ ಆ ಹುದ್ದೆ ಹೆಂಡತಿಯ ತಮ್ಮನದು. ಜೇಬಿನಲ್ಲಿ ಬೀಗದ ಕೈ ಗೊಂಚಲು, ಗೊಂಚಲಲ್ಲಿ ಪೆನ್‌ಡ್ರೈವ್, ಪೆನ್‌ಡ್ರೈವಲ್ಲಿ ಲಿನಕ್ಸ್.

"ಭಾವ, ವಿಂಡೋಸ್ ಪಾಡಿಗೆ ವಿಂಡೋಸ್ ಇರಲಿ. ಪಕ್ಕದಲ್ಲಿ ಇದೂ ಒಂದಿರುತ್ತೆ. ಆನ್ ಮಾಡಿದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ."

ಬೇಡ ಎನ್ನಲು ಬಾಯಲ್ಲಿ ಹೋಳಿಗೆಯಿತ್ತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಶುರುಮಾಡಿದ್ದು, ಈಗ ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳೂ ಇದರಲ್ಲೇ ಓಡುವುದು ಎಂದು ಮಜ್ಜಿಗೆ ಅನ್ನದವರೆಗೂ ಉಪನ್ಯಾಸವಾಯಿತು. ಅವನು ಹೇಳದೆ ಬಿಟ್ಟದ್ದೇನೆಂದರೆ, ಆ ಕಂಪ್ಯೂಟರುಗಳನ್ನು ತಣ್ಣಗಿಡಲು ದೊಡ್ಡ ದೊಡ್ಡ ಏರ್ಪಾಡುಗಳಿರುತ್ತವೆ. ನನ್ನದರ ಕೆಳಗಿರುವುದು ನನ್ನ ಪಂಚೆ.

ಸಂಜೆಯೊಳಗೆ ಆ ಪಂಚೆ ಇಸ್ತ್ರಿಯಾಯಿತು. ಫ್ಯಾನ್ ಭೋರಿಡತೊಡಗಿತು. ಗಾಬರಿಯಿಂದ ಕರೆದರೆ ಆಸಾಮಿಯ ಮುಖ ಅರಳಿಬಿಟ್ಟಿತು! ಕಪ್ಪು ಕಿಟಕಿ ತೆರೆದು ಏನೋ ಕುಟ್ಟಿ, "92 ಡಿಗ್ರಿ ಭಾವ!" ಎಂದು ಮಗನ ಎಸ್ಸೆಸ್ಸೆಲ್ಸಿ ಅಂಕ ಹೇಳುವ ದನಿಯಲ್ಲಿ ಸಾರಿದ. ಇದರೊಳಗೆ ಎರಡು ಗ್ರಾಫಿಕ್ಸ್ ಚಿಪ್ ಇವೆಯಂತೆ. ಕೆಲಸವಿಲ್ಲದಾಗ ದೊಡ್ಡದನ್ನು ಮಲಗಿಸುವ ಡ್ರೈವರ್ ವಿಂಡೋಸಿನಲ್ಲಿದೆ. ಇಲ್ಲಿ ಮಲಗು ಎನ್ನುವವರಿಲ್ಲದೆ ಅದು ಸುಮ್ಮನೆ ಎದ್ದು ಕೂತು ಕರೆಂಟು ತಿನ್ನುತ್ತಿದೆಯಂತೆ. 100ರ ಹತ್ತಿರ ಹೋದರೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದಂತೆ. ನಾನು 'ನಮಸ್ಕಾರ' ಎಂದು ಟೈಪಿಸಿದರೆ ಆಕಳಿಸಿ ಮುಗಿಸುವ ಹೊತ್ತಿಗೆ 'ನಮ' ಮೂಡುತ್ತಿದ್ದುದು ಅದಕ್ಕೇ.

ಸಾಕಪ್ಪಾ ಎಂದು ವಿಂಡೋಸಿಗೆ ಮರಳಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ! ಲಿನಕ್ಸ್ ಮದರ್‌ಬೋರ್ಡಿನಲ್ಲಿ ಗ್ರೀನಿಚ್ ಲೆಕ್ಕದ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರಿನದೆಂದು ನಂಬುತ್ತದೆ. "ಒಂದೇ ಕಮಾಂಡ್, ಭಾವ" ಎಂದ. ಅವನ ಬಾಯಲ್ಲಿ ಎಲ್ಲವೂ ಒಂದೇ ಕಮಾಂಡ್. ಅದು ಮುಗಿಯುವ ಹೊತ್ತಿಗೆ ಅವನ ಅಕ್ಕ ಎರಡು ಸಲ ಕಾಫಿ ಮಾಡಿರುತ್ತಾಳೆ.

ಬೈಯಲು ಹೊರಟರೂ ನಾಲಿಗೆ ತಡೆಯುತ್ತದೆ. ಒಂದು ರಾತ್ರಿ ಜಡಿಮಳೆಯಲ್ಲಿ ಸ್ಕ್ರೂಡ್ರೈವರ್, ಥರ್ಮಲ್ ಪೇಸ್ಟ್ ಹಿಡಿದು ಬಂದ. ನೆಲಕ್ಕೆ ಪೇಪರು ಹಾಸಿ, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಫ್ಯಾನಿನ ಧೂಳು ಕೆರೆದ. ಒಣಗಿದ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿಯಷ್ಟು ಇಟ್ಟ. ದೊಡ್ಡ ಚಿಪ್ಪನ್ನೂ ಮಲಗಿಸಿದ. 60ಕ್ಕೆ ಇಳಿಯಿತು. ಒಂದು ಸ್ಕ್ರೂ ಮಿಕ್ಕಿತು, ಅದು ಮುಖ್ಯವಲ್ಲವಂತೆ. ನನಗೆ ಪರಮಾನಂದ. ಅವನಿಗೋ, ಆಡುವ ಆಟ ಮುಗಿದಂತಹ ಬೇಸರ. ಆಮೇಲೆ ಎಷ್ಟೋ ದಿನ ನಮ್ಮ ಮನೆ ಕಡೆ ತಲೆಹಾಕಲಿಲ್ಲ.

ಈಗ ದೊಡ್ಡ ಕಂಪನಿಯ ಉದ್ಯೋಗ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚುವ ಹಾಗಿಲ್ಲ, ವಾಲ್‌ಪೇಪರ್ ಬದಲಿಸುವ ಹಾಗೂ ಇಲ್ಲ. ಗೌರಿ ಹಬ್ಬಕ್ಕೆ ಬಾಗಿನ ತಂದವನು ಆ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಮೀಟಿಂಗಿನಲ್ಲಿ ಕೂತಿದ್ದ, ಮೈಕ್ ಮ್ಯೂಟ್ ಮಾಡಿ. ಬಿಸಿ ಆಗುತ್ತದೇನೋ ಎಂದೆ. "ಇಲ್ಲ ಭಾವ, ಏನೂ ಆಗಲ್ಲ" ಎಂದ. ಅಷ್ಟು ಸಪ್ಪೆಯಾಗಿ ಅವನು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ತಡೆಯಲಾರದೆ, "ನನ್ನದು ಸ್ವಲ್ಪ ಸ್ಲೋ ಆಗಿದೆ ಕಣೋ, ನೋಡ್ತೀಯಾ?" ಎಂದುಬಿಟ್ಟೆ. ಕೀ ಗೊಂಚಲು ಆಗಲೇ ಹೊರಬಂದಿತ್ತು.

"ಮೊದಲು ಮದುವೆ ಫೋಟೋ ಎಲ್ಲ ಕಾಪಿ ಮಾಡಿಟ್ಕೊಳ್ರೀ!" ಅಡುಗೆಮನೆಯಿಂದ ಅವನ ಅಕ್ಕ ಕೂಗಿದಳು.